ಬ್ಯಾಟರಿ ಮೇಲೆ ಆರ್‌ವಿ ಎಸಿ: ಮೊದಲು ಗಂಟೆ ಲೆಕ್ಕ, ಪ್ಯಾನಲ್ ಆಮೇಲೆ

(ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಹತ್ರ ನಮ್ಮ ಕನ್ನಡ ಬಳಗದ ಕೂಟದಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಅದಕ್ಕೆ ಇದು. ಬೋರ್ಡ್ ಮೇಲೆ ಹಾಕಿದ ಲೆಕ್ಕಗಳನ್ನ ಮಾತಲ್ಲೇ ಸೇರಿಸಿದೀನಿ, ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಆರ್‌ವಿ, ಅಂದ್ರೆ ಒಳಗೇ ಅಡಿಗೆ ಮಾಡಿ ಮಲಗೋ ಹಾಗೆ ಕಟ್ಟಿದ, ಗಾಡಿ ಹಿಂದೆ ಎಳ್ಕೊಂಡು ಹೋಗೋ ಟ್ರೈಲರ್ ಇಟ್ಕೊಂಡಿರೋರು, ತಗೊಳ್ಳೋ ಯೋಚನೆ ಇರೋರು, ರಜೆ ಬಂದಾಗ ಬಾಡಿಗೆಗೆ ತಗೊಂಡು ಹೋಗೋರು ಎಲ್ಲಾ ಇದೀರ. ಎಲ್ಲರೂ ಕೇಳೋದು ಒಂದೇ, "ಮೇಲೆ ಎಷ್ಟು ಸೋಲಾರ್ ಪ್ಯಾನಲ್ ಹಾಕಿದ್ರೆ ಎಸಿ ಓಡುತ್ತೆ?" ನಾನು ತಿರುಗಿಸಿ ಕೇಳೋದು ಬೇರೆ. ನಿಮಗೆ ಎಷ್ಟು ಗಂಟೆ ತಂಪು ಬೇಕು, ಎಲ್ಲಿ ಬೇಕು, ದಿನದ ಯಾವ ಹೊತ್ತಲ್ಲಿ ಬೇಕು? ಇದಕ್ಕೆ ಉತ್ತರ ಸಿಕ್ಕಿದ್ರೆ ಬ್ಯಾಟರಿ ಎಷ್ಟು ಅಂತ ಗೊತ್ತಾಗುತ್ತೆ, ಬ್ಯಾಟರಿ ಗೊತ್ತಾದ್ರೆ ಅದನ್ನ ಮಾರನೇ ದಿನ ತುಂಬೋಕೆ ಎಷ್ಟು ಪ್ಯಾನಲ್ ಬೇಕು ಅಂತ ಗೊತ್ತಾಗುತ್ತೆ. ಈ ಕಡೆಯಿಂದ ಶುರು ಮಾಡದೆ ಪ್ಯಾನಲ್‌ನಿಂದ ಶುರು ಮಾಡಿದವರು ದುಡ್ಡು ಹಾಕಿ ಛಾವಣಿ ತುಂಬಾ ಗಾಜು ಹಾಸ್ಕೊಂಡು ರಾತ್ರಿ ಹನ್ನೊಂದಕ್ಕೆ ಕಿಟಕಿ ತೆಗೆದು ಕೂತಿರ್ತಾರೆ, ಯಾಕಂದ್ರೆ ಮಲಗೋ ಹೊತ್ತಲ್ಲಿ ಎಸಿ ಓಡಿಸೋದು ಬ್ಯಾಟರಿ, ಸೂರ್ಯ ಅಲ್ಲ.

ಮೊದಲು ಎಸಿ ಎಷ್ಟು ತಿನ್ನುತ್ತೆ ನೋಡೋಣ. ಇಲ್ಲಿ ಟ್ರೈಲರ್ ಛಾವಣಿ ಮೇಲೆ ಬರೋದು ಹೆಚ್ಚಾಗಿ 13,500 ಬಿಟಿಯು ಇಲ್ಲಾ 15,000 ಬಿಟಿಯು, ಅಂದ್ರೆ ಗಂಟೆಗೆ ಎಷ್ಟು ಶಾಖ ಹೊರಗೆ ಹಾಕುತ್ತೆ ಅನ್ನೋ ಅಳತೆ. ಊರಲ್ಲಿ ನಾವು ಟನ್ ಲೆಕ್ಕದಲ್ಲಿ ತಗೋತೀವಲ್ಲ, 12,000 ಬಿಟಿಯು ಅಂದ್ರೆ ಒಂದು ಟನ್, ಹಾಗಾಗಿ ಇದು ಒಂದೂಕಾಲು ಟನ್ ಒಳಗಿನ ಎಸಿ. ಆದ್ರೆ ಊರಿನ ಇನ್ವರ್ಟರ್ ಸ್ಪ್ಲಿಟ್ ಎಸಿಗೂ ಇದಕ್ಕೂ ತುಂಬಾ ವ್ಯತ್ಯಾಸ, ಇದರ ಕಂಪ್ರೆಸರ್‌ಗೆ ಗೊತ್ತಿರೋದು ಎರಡೇ, ಪೂರ್ತಿ ಆನ್, ಪೂರ್ತಿ ಆಫ್. ಆನ್ ಇದ್ದಾಗ ಬಿಸಿಲಿನ ದಿನ 1,400ರಿಂದ 1,500 ವ್ಯಾಟ್ ಎಳೆಯುತ್ತೆ. ಇದು 120 ವೋಲ್ಟ್ ಕಡೆಯ ಲೆಕ್ಕ. ಬ್ಯಾಟರಿಯ ಡಿಸಿ ಕರೆಂಟನ್ನ ಮನೆ ಪ್ಲಗ್ಗಲ್ಲಿ ಬರೋ ಥರದ 120 ವೋಲ್ಟ್ ಕರೆಂಟ್ ಮಾಡೋ ಡಬ್ಬ, ಇನ್ವರ್ಟರ್‌ನಲ್ಲಿ ಹತ್ತು ಪರ್ಸೆಂಟ್ ಹತ್ರ ಶಾಖವಾಗಿ ಹೋಗುತ್ತೆ, ಹಾಗಾಗಿ ಬ್ಯಾಟರಿಯಿಂದ ಹೊರಡೋದು 1,600 ವ್ಯಾಟ್ ಅಂತ ಇಟ್ಕೊಳ್ಳಿ. ಅಂದ್ರೆ ಕಂಪ್ರೆಸರ್ ಒಂದು ಗಂಟೆ ನಿಲ್ಲದೆ ಓಡಿದ್ರೆ 1.6 ಯೂನಿಟ್, ನಮ್ಮ ಕರೆಂಟ್ ಬಿಲ್‌ನಲ್ಲಿ ಬರೋ ಅದೇ ಯೂನಿಟ್. ಎಲ್ಲಾ ಲೆಕ್ಕನೂ ಯೂನಿಟ್‌ನಲ್ಲೇ ಮಾಡಿ, ಆಂಪ್ ಅವರ್ ಅಂತ ಹೋದ್ರೆ 12 ವೋಲ್ಟಾ 24 ವೋಲ್ಟಾ ಅನ್ನೋ ಗೊಂದಲದಲ್ಲಿ ಸಿಕ್ಕಿಹಾಕ್ಕೋತೀರ.

ಈಗ ಬ್ಯಾಟರಿ. ಅಂಗಡಿಯಲ್ಲಿ 100 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂತ ಮಾರ್ತಾರಲ್ಲ, ಅದರ ವೋಲ್ಟೇಜ್ 12.8, ಗುಣಿಸಿದ್ರೆ 1.28 ಯೂನಿಟ್. ಮೇಲಿನ ಎಸಿಗೆ ಇದು ಮುಕ್ಕಾಲು ಗಂಟೆ, ಅಷ್ಟೇ. ಊರಲ್ಲಿ ಮನೆ ಯುಪಿಎಸ್‌ಗೆ ಇಟ್ಟಿರ್ತೀವಲ್ಲ 150 ಆಂಪ್ ಅವರ್ ಟ್ಯೂಬ್ಯುಲರ್ ಬ್ಯಾಟರಿ, ಅದರ ಮೇಲೆ 1.8 ಯೂನಿಟ್ ಅಂತ ಲೆಕ್ಕ ಬಂದ್ರೂ ಲೆಡ್ ಆಸಿಡ್ ಬ್ಯಾಟರಿನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಕಡಿಮೆ ಆಗುತ್ತೆ, ಅಲ್ಲದೆ ಒಂದೇ ಸಲ ನೂರಾರು ಆಂಪ್ ಎಳೆದ್ರೆ ಬರೆದಿರೋ ಅಷ್ಟು ಕೊಡೋದೂ ಇಲ್ಲ. ಲಿಥಿಯಂ ಈ ಎರಡು ವಿಷಯದಲ್ಲೂ ಗೆಲ್ಲುತ್ತೆ, ಹೆಚ್ಚು ಕಡಿಮೆ ಪೂರ್ತಿ ಬಳಸಬಹುದು, ಜೋರಾಗಿ ಎಳೆದ್ರೂ ವೋಲ್ಟೇಜ್ ಜಾಸ್ತಿ ಬೀಳಲ್ಲ. ಆರ್‌ವಿಯಲ್ಲಿ ಬ್ಯಾಟರಿ ಮೇಲೆ ಎಸಿ ಅನ್ನೋ ಮಾತು ಸಾಧ್ಯ ಆಗಿದ್ದೇ ಲಿಥಿಯಂ ಬೆಲೆ ಇಳಿದ ಮೇಲೆ.

ಎರಡು ಊರು ತಗೊಳ್ಳೋಣ, ಎರಡೂ ನಮ್ಮ ಅರಿಜೋನಾದ್ದೇ.

ಒಂದು ಇದೇ ಫೀನಿಕ್ಸ್. 2023ರ ಬೇಸಿಗೆಯಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಮೇಲೆ ಇತ್ತು, ಅಂದ್ರೆ 43 ಸೆಲ್ಸಿಯಸ್, ನೀವೆಲ್ಲ ಅನುಭವಿಸಿದೀರ. ಅಂಥ ದಿನ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಕಂಪ್ರೆಸರ್ ನಿಲ್ಲೋದೇ ಇಲ್ಲ, ಎಂಟು ಗಂಟೆಗೆ 13 ಯೂನಿಟ್ ಹತ್ರ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅರ್ಧ ಹೊತ್ತು ಓಡುತ್ತೆ ಅಂದ್ರೂ ಇನ್ನೊಂದು ಆರೂವರೆ. ಒಟ್ಟು ಹತ್ತೊಂಬತ್ತು ಯೂನಿಟ್ ಮೇಲೆ. ಈಗ ಛಾವಣಿಗೆ ಹೇಗೋ ಜೋಡಿಸಿ 1,200 ವ್ಯಾಟ್ ಪ್ಯಾನಲ್ ಹಾಕಿದ್ರಿ ಅಂತ ಇಟ್ಕೊಳ್ಳಿ, ಇಲ್ಲಿಯ ಬೇಸಿಗೆ ಬಿಸಿಲು ಆರೂವರೆ ಗಂಟೆ ಪೂರ್ತಿ ಬಿಸಿಲಿಗೆ ಸಮ ಅಂತ ಹಿಡಿದು, ಧೂಳು, ಶಾಖ, ವೈರ್ ಎಲ್ಲಾ ಸೇರಿ ಕಾಲು ಭಾಗ ಕಳೆದ್ರೆ ಆರು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಬರುತ್ತೆ. ಮೂರನೇ ಒಂದು ಭಾಗಕ್ಕೂ ಸಾಲಲ್ಲ. ಅಂದ್ರೆ ಜುಲೈ ತಿಂಗಳ ಫೀನಿಕ್ಸ್‌ನಲ್ಲಿ ಛಾವಣಿಯ ಸೋಲಾರ್ ನಂಬ್ಕೊಂಡು ದಿನಗಟ್ಟಲೆ ಎಸಿ ಹಾಕ್ಕೊಂಡು ಇರೋದು ಆಗಲ್ಲ, ಯಾರಾದ್ರೂ ಆಗುತ್ತೆ ಅಂತ ಮಾರೋಕೆ ಬಂದ್ರೆ ಈ ಲೆಕ್ಕ ಅವರ ಮುಂದೆ ಇಡಿ.

ಇನ್ನೊಂದು ಫ್ಲ್ಯಾಗ್‌ಸ್ಟಾಫ್. ಇಲ್ಲಿಂದ ಎರಡೂವರೆ ಗಂಟೆ ಡ್ರೈವ್, 7,000 ಅಡಿ ಎತ್ತರ. ಜುಲೈನಲ್ಲಿ ಹಗಲು 80 ಫ್ಯಾರನ್‌ಹೀಟ್ ಆಸುಪಾಸು, ರಾತ್ರಿ ಸ್ವೆಟರ್ ಬೇಕು. ಅಲ್ಲಿ ಮಧ್ಯಾಹ್ನ ಟ್ರೈಲರ್ ಬಿಸಿಲಿಗೆ ಕಾದಾಗ ಮೂರ್ನಾಲ್ಕು ಗಂಟೆ, ಅದೂ ಅರ್ಧ ಹೊತ್ತು ಓಡಿದ್ರೆ ಸಾಕು, ಮೂರು ಯೂನಿಟ್ ಆಸುಪಾಸಲ್ಲಿ ಮುಗೀತು. ಅದನ್ನ 800 ವ್ಯಾಟ್ ಪ್ಯಾನಲ್ ಅದೇ ದಿನ ತುಂಬಿಕೊಡುತ್ತೆ. ಅದೇ ಎಸಿ, ಅದೇ ಟ್ರೈಲರ್, ಬದಲಾಗಿದ್ದು ಎತ್ತರ ಮಾತ್ರ. ನಾನು ಯಾರಿಗೇ ಆದ್ರೂ ಮೊದಲು ಹೇಳೋದು ಇದೇ, ಬೆಟ್ಟ ಹತ್ತಿ. ಸಾವಿರ ಅಡಿಗೆ ನಾಲ್ಕೈದು ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತೆ, ಅದಕ್ಕೆ ಯಾವ ಬ್ಯಾಟರಿನೂ ಬೇಡ. ನ್ಯಾಷನಲ್ ಫಾರೆಸ್ಟ್ ಜಾಗಗಳಲ್ಲಿ ಹೆಚ್ಚು ಕಡೆ ಹದಿನಾಲ್ಕು ದಿನ ಬಿಟ್ಟಿ ಇರೋಕೂ ಬಿಡ್ತಾರೆ. ಟೆಕ್ಸಸ್ ಸಮುದ್ರ ದಂಡೆ, ಫ್ಲಾರಿಡಾ ಕಡೆ ಇರೋ ನೆಂಟರಿಗೆ ಈ ಮಾತು ಹೇಳೋಕಾಗಲ್ಲ, ಅಲ್ಲಿ ರಾತ್ರಿನೂ ಸೆಕೆ ಇಳಿಯಲ್ಲ, ಗಾಳಿಯಲ್ಲಿ ನೀರು ತುಂಬಿರುತ್ತೆ, ಅಲ್ಲಿ ಎಸಿ ರಾತ್ರಿಯಿಡೀ ಬೇಕು.

ಒಬ್ರು ಕೇಳಿದ್ರು, ಪ್ಯಾನಲ್ ಮಲಗಿಸಿದ ಹಾಗೆ ಚಪ್ಪಟೆ ಹಾಕಿದ್ರೆ ನಷ್ಟ ಅಲ್ವಾ ಅಂತ. ಚಳಿಗಾಲದಲ್ಲಿ ತುಂಬಾ ನಷ್ಟ, ಸೂರ್ಯ ಕೆಳಗೆ ಇರ್ತಾನೆ. ಆದ್ರೆ ಎಸಿ ಬೇಕಾಗೋ ಜೂನ್ ಜುಲೈನಲ್ಲಿ ಫೀನಿಕ್ಸ್ ಅಕ್ಷಾಂಶದಲ್ಲಿ ನಡು ಮಧ್ಯಾಹ್ನ ಸೂರ್ಯ 80 ಡಿಗ್ರಿ ಆಸುಪಾಸು ಎತ್ತರದಲ್ಲಿ, ಹೆಚ್ಚು ಕಡಿಮೆ ನೆತ್ತಿ ಮೇಲೇ ಇರ್ತಾನೆ, ಆಗ ಚಪ್ಪಟೆ ಪ್ಯಾನಲ್‌ಗೆ ಏನೂ ತೊಂದರೆ ಇಲ್ಲ. ನಿಜವಾದ ನಷ್ಟ ಶಾಖದ್ದು. ಪ್ಯಾನಲ್ ಮೇಲೆ ಬರೆದಿರೋ ವ್ಯಾಟ್ 25 ಸೆಲ್ಸಿಯಸ್‌ನಲ್ಲಿ ಅಳೆದಿದ್ದು, ಅದರ ಮೇಲೆ ಪ್ರತಿ ಡಿಗ್ರಿಗೆ 0.3ರಿಂದ 0.4 ಪರ್ಸೆಂಟ್ ಇಳಿಯುತ್ತೆ, ನಮ್ಮ ಬಿಸಿಲಲ್ಲಿ ಪ್ಯಾನಲ್ 65 ಡಿಗ್ರಿ ದಾಟೋದು ಮಾಮೂಲು, ಹದಿನೈದು ಪರ್ಸೆಂಟ್ ಹತ್ರ ಅಲ್ಲೇ ಹೋಯ್ತು. ಅದಕ್ಕೇ ಛಾವಣಿಗೆ ಅಂಟಿಸೋ ಬಗ್ಗೋ ಪ್ಯಾನಲ್ ನನಗೆ ಇಷ್ಟ ಇಲ್ಲ, ಬ್ರ್ಯಾಕೆಟ್ ಹಾಕಿ ಕೆಳಗೆ ಗಾಳಿ ಆಡೋ ಹಾಗೆ ಎತ್ತಿ ಕೂರಿಸಿದ ಗಾಜಿನ ಪ್ಯಾನಲ್ ತಾನೂ ತಂಪಾಗಿರುತ್ತೆ, ಛಾವಣಿಗೆ ನೆರಳೂ ಕೊಡುತ್ತೆ. ಇನ್ನೊಂದು, ಎಸಿ ಡಬ್ಬದ ನೆರಳೇ ಪಕ್ಕದ ಪ್ಯಾನಲ್ ಮೇಲೆ ಬೀಳುತ್ತೆ, ಸಂಜೆ ನಾಲ್ಕಕ್ಕೆ ಮೇಲೆ ಹತ್ತಿ ನೋಡಿದ್ರೆ ಗೊತ್ತಾಗುತ್ತೆ, ಅಲ್ಲಿ ಪ್ಯಾನಲ್ ಇಡಬೇಡಿ. ಮರದ ಕೆಳಗೆ ನಿಲ್ಲಿಸಿದ್ರೆ ಟ್ರೈಲರ್ ತಂಪು, ಆದ್ರೆ ಪ್ಯಾನಲ್ ಕೆಲಸ ಮಾಡಲ್ಲ, ಬಿಸಿಲಲ್ಲಿ ನಿಲ್ಲಿಸಿದ್ರೆ ಉಲ್ಟಾ. ನಾನು ಇದಕ್ಕೆ ಇಟ್ಕೊಂಡಿರೋ ದಾರಿ ಉದ್ದನೆ ಕೇಬಲ್ ಇರೋ ಮಡಚೋ ಪ್ಯಾನಲ್, ಟ್ರೈಲರ್ ನೆರಳಲ್ಲಿ, ಪ್ಯಾನಲ್ ಬಿಸಿಲಲ್ಲಿ.

ಈಗ ಸ್ಟಾರ್ಟಿಂಗ್ ವಿಷಯ, ತುಂಬಾ ಜನ ಇಲ್ಲೇ ಎಡವೋದು. ಹಳ್ಳಿಯಲ್ಲಿ ಪಂಪ್‌ಸೆಟ್ ಸ್ಟಾರ್ಟ್ ಮಾಡಿದ ತಕ್ಷಣ ಮನೆ ಬಲ್ಬು ಒಂದು ಕ್ಷಣ ಮಂಕಾಗ್ತಿತ್ತಲ್ಲ, ಇಲ್ಲೂ ಅದೇ, ಮೋಟಾರು ನಿಂತ ಸ್ಥಿತಿಯಿಂದ ತಿರುಗೋಕೆ ಶುರು ಮಾಡೋ ಕ್ಷಣದಲ್ಲಿ ಓಡೋವಾಗಿನ ಕರೆಂಟಿನ ನಾಲ್ಕೈದು ಪಟ್ಟು ಎಳೆಯುತ್ತೆ. 12 ಆಂಪ್‌ನಲ್ಲಿ ಓಡೋ ಎಸಿ ಆ ಕ್ಷಣ 50, 60 ಆಂಪ್ ಕೇಳುತ್ತೆ. ಇನ್ವರ್ಟರ್ ಕಟ್ ಆಗುತ್ತೆ, ಇಲ್ಲಾ ಬ್ಯಾಟರಿ ಒಳಗಿರೋ ಬಿಎಂಎಸ್, ಅದೇ ಬ್ಯಾಟರಿನ ಕಾಯೋ ಸರ್ಕ್ಯೂಟು, ಅದು ಬಾಗಿಲು ಹಾಕುತ್ತೆ, ಫ್ರಿಜ್ ಲೈಟು ಎಲ್ಲಾ ಒಟ್ಟಿಗೆ ಆರಿ ಹೋಗುತ್ತೆ. ಇದಕ್ಕೆ ಸಾಫ್ಟ್ ಸ್ಟಾರ್ಟರ್ ಅಂತ ಒಂದು ಚಿಕ್ಕ ಡಬ್ಬ ಬರುತ್ತೆ, ಛಾವಣಿ ಮೇಲೆ ಎಸಿ ಮುಚ್ಚಳ ತೆಗೆದು ಕಂಪ್ರೆಸರ್ ವೈರಿಗೆ ಜೋಡಿಸೋದು, ಕರೆಂಟನ್ನ ಮೆಲ್ಲಗೆ ಏರಿಸಿ ಆ ಏಟನ್ನ ಅರ್ಧಕ್ಕಿಂತ ಕೆಳಗೆ ಇಳಿಸುತ್ತೆ. ಇಡೀ ಸೆಟಪ್‌ನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡೋ ವಸ್ತು ಇದೇ ಅಂತ ನನ್ನ ಅಭಿಪ್ರಾಯ. ಎಸಿ ಒಳಗಿರೋ ಕೆಪಾಸಿಟರ್‌ನಲ್ಲಿ ಆಫ್ ಮಾಡಿದ ಮೇಲೂ ಕರೆಂಟ್ ಉಳಿದಿರುತ್ತೆ, ಅದನ್ನ ಡಿಸ್‌ಚಾರ್ಜ್ ಮಾಡೋಕೆ ಗೊತ್ತಿಲ್ಲದವರು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೀರಿ.

ಕೇಬಲ್ ಬಗ್ಗೆ ನನಗೆ ನಿಜವಾಗ್ಲೂ ಭಯ ಇದೆ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. 3,000 ವ್ಯಾಟ್ ಇನ್ವರ್ಟರ್ 12 ವೋಲ್ಟ್ ಬ್ಯಾಟರಿ ಮೇಲೆ ಪೂರ್ತಿ ಓಡಿದ್ರೆ 260 ಆಂಪ್. ಮನೆಯಲ್ಲಿ ಇಡೀ ಮನೆಗೇ ಬರೋ ಕರೆಂಟಿಗಿಂತ ಜಾಸ್ತಿ ಆಂಪ್ ಮಂಚದ ಕೆಳಗೆ ಹರೀತಾ ಇರುತ್ತೆ. ಹೆಬ್ಬೆರಳಿನ ದಪ್ಪದ, 4/0 ಅಳತೆಯ ತಾಮ್ರದ ಕೇಬಲ್ ಬೇಕು, ಉದ್ದ ಆದಷ್ಟು ಕಡಿಮೆ ಇರಬೇಕು, ತುದಿಗೆ ಹಾಕೋ ಲಗ್‌ಗಳನ್ನ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿರಬೇಕು, ಸಡಿಲ ಇದ್ರೆ ಅಲ್ಲೇ ಬಿಸಿಯಾಗಿ ಕರಗೋಕೆ ಶುರು ಆಗುತ್ತೆ. ಬ್ಯಾಟರಿ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್. ಯಾಕೆ ಅದೇ ಬೇಕು ಅಂದ್ರೆ, ಲಿಥಿಯಂ ಬ್ಯಾಟರಿಗಳು ಶಾರ್ಟ್ ಆದಾಗ ಸಾವಿರಾರು ಆಂಪ್ ಕಕ್ಕುತ್ವೆ, ಅಷ್ಟು ಕರೆಂಟಲ್ಲಿ ಸಾಮಾನ್ಯ ಫ್ಯೂಸ್ ಸುಟ್ಟ ಮೇಲೂ ಒಳಗೆ ಕಿಡಿ ಹಾರಿ ಕರೆಂಟ್ ಹರೀತಾನೇ ಇರಬಹುದು, ಕ್ಲಾಸ್ ಟಿ 20,000 ಆಂಪ್ ತನಕ ಕತ್ತರಿಸಿ ನಿಲ್ಲಿಸುತ್ತೆ. ಮನೆಮಂದಿ ಅದರ ಮೇಲೆ ಮಲಗಿರ್ತಾರೆ, ಇಲ್ಲಿ ಐವತ್ತು ಡಾಲರ್ ಉಳಿಸೋಕೆ ಹೋಗಬೇಡಿ. ಹೊಸದಾಗಿ ಕಟ್ಟೋರಾದ್ರೆ 24 ಇಲ್ಲಾ 48 ವೋಲ್ಟ್ ಯೋಚನೆ ಮಾಡಿ, 48ರಲ್ಲಿ ಆಂಪ್ ಕಾಲು ಭಾಗ ಆಗುತ್ತೆ, ಅದೇ ವೈರಲ್ಲಿ ಶಾಖದ ನಷ್ಟ ಹದಿನಾರನೇ ಒಂದು ಭಾಗ.

ಚಿಕ್ಕ ವಿಷಯ ಆದ್ರೆ ರಾತ್ರಿ ಬ್ಯಾಟರಿ ತಿನ್ನೋದು: ಟ್ರೈಲರ್ ಜೊತೆ ಬಂದಿರೋ ಕನ್ವರ್ಟರ್, ಅಂದ್ರೆ ಹುಕಪ್, ಅದೇ ಕ್ಯಾಂಪ್‌ಗ್ರೌಂಡ್‌ನವರು ಕೊಡೋ ಕರೆಂಟ್, ಹಾಕಿದಾಗ ಬ್ಯಾಟರಿ ಚಾರ್ಜ್ ಮಾಡೋದು, ಇನ್ವರ್ಟರ್ ಹಾಕಿದಾಗ ಅದೂ ಆನ್ ಆಗಿಬಿಡುತ್ತೆ. ಬ್ಯಾಟರಿಯಿಂದ ಇನ್ವರ್ಟರ್, ಅಲ್ಲಿಂದ ಕನ್ವರ್ಟರ್, ಅಲ್ಲಿಂದ ಮತ್ತೆ ಬ್ಯಾಟರಿಗೆ, ಪ್ರತಿ ಸುತ್ತಲ್ಲೂ ನಷ್ಟ. ಅದರ ಬ್ರೇಕರ್ ಆಫ್ ಮಾಡಿ. ವಾಟರ್ ಹೀಟರ್‌ನ ಕರೆಂಟ್ ಕಾಯಿಲ್ ಕೂಡ. ಇನ್ವರ್ಟರ್ ಸುಮ್ಮನೆ ಆನ್ ಇದ್ರೂ 30 ವ್ಯಾಟ್ ಆಸುಪಾಸು ಎಳೆಯುತ್ತೆ, ದಿನಕ್ಕೆ ಮುಕ್ಕಾಲು ಯೂನಿಟ್ ಹತ್ರ, ಬೇಡದಾಗ ಆರಿಸಿ.

ಇನ್ನು ಶಾಖ ಒಳಗೆ ಬರದ ಹಾಗೆ ಮಾಡೋದು, ಇದರಲ್ಲಿ ನಮ್ಮ ಅಡಿಗೆಗೆ ದೊಡ್ಡ ಪಾತ್ರ ಇದೆ. ಟ್ರೈಲರ್ ಒಲೆಯ ಒಂದು ಬರ್ನರ್ ಗಂಟೆಗೆ 7,000 ಬಿಟಿಯು ಆಸುಪಾಸು ಶಾಖ ಕೊಡುತ್ತೆ. ನಿಮ್ಮ ಎಸಿ ತೆಗೆದು ಹಾಕೋದು 13,500. ಅಂದ್ರೆ ಮಧ್ಯಾಹ್ನ ಎಸಿ ಹಾಕ್ಕೊಂಡು ಒಳಗೆ ಕುಕ್ಕರ್ ಇಟ್ಟು ಬೇಳೆ ಬೇಯಿಸಿದ್ರೆ ಎಸಿಯ ಅರ್ಧ ಶಕ್ತಿ ಒಲೆಯನ್ನ ತಣ್ಣಗೆ ಮಾಡೋದಕ್ಕೇ ಹೋಯ್ತು, ಮೇಲೆ ಕುಕ್ಕರ್ ಹಬೆ ಬೇರೆ, ಆ ತೇವ ತೆಗೆಯೋಕೂ ಎಸಿನೇ ದುಡೀಬೇಕು. ಹೊರಗೆ ಆನಿಂಗ್, ಅಂದ್ರೆ ಟ್ರೈಲರ್ ಪಕ್ಕಕ್ಕೆ ಬಿಚ್ಚೋ ಬಟ್ಟೆ ಚಪ್ಪರದ ಕೆಳಗೆ ಟೇಬಲ್ ಹಾಕಿ ಅಲ್ಲೇ ಬಿಸಿಬೇಳೆ ಬಾತ್ ಆಗಲಿ, ಒಗ್ಗರಣೆ ಆಗಲಿ ಮಾಡ್ಕೊಳ್ಳಿ, ಘಾಟೂ ಒಳಗೆ ಬರಲ್ಲ. ಜನ ಕೂತಿದ್ರೂ ಶಾಖ, ಒಬ್ಬೊಬ್ಬರಿಗೆ 100 ವ್ಯಾಟ್ ಲೆಕ್ಕ. ಟ್ರೈಲರ್ ಗೋಡೆ ದಪ್ಪ ಎರಡು ಇಂಚು, ಕಿಟಕಿ ಒಂದೇ ಪದರ ಗಾಜು, ಛಾವಣಿ ವೆಂಟ್‌ಗಳಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳ. ವೆಂಟ್ ಒಳಗೆ ಫೋಮ್ ದಿಂಬು ತುರುಕಿ, ಕಿಟಕಿಗೆ ಹೊಳೆಯೋ ಶೀಟ್ ಹಾಕಿ, ದೊಡ್ಡ ಕಿಟಕಿ ಇರೋ ಪಕ್ಕ ಉತ್ತರಕ್ಕೆ ಬರೋ ಹಾಗೆ ನಿಲ್ಲಿಸಿ.

ಆಮೇಲೆ ಎಸಿಯ ಒಳಗಿನ ಕವರ್ ಬಿಚ್ಚಿ ನೋಡಿ. ತಣ್ಣನೆ ಗಾಳಿ ಡಕ್ಟಿಗೆ ಹೋಗೋ ಜಾಗಕ್ಕೂ ಬಿಸಿ ಗಾಳಿ ವಾಪಸ್ ಎಳ್ಕೊಳ್ಳೋ ಜಾಗಕ್ಕೂ ಮಧ್ಯೆ ಇರೋ ತಡೆ ಎಷ್ಟೋ ಟ್ರೈಲರ್‌ಗಳಲ್ಲಿ ಬಿರುಕು ಬಿಟ್ಟಿರುತ್ತೆ, ತಂಪಾದ ಗಾಳಿ ರೂಮಿಗೆ ಬರದೇ ಅಲ್ಲೇ ಸುತ್ತುತ್ತಾ ಇರುತ್ತೆ. ಫಾಯಿಲ್ ಟೇಪ್ ಒಂದು ಸುರುಳಿ, ಅರ್ಧ ದಿನದ ಕೆಲಸ. ಫಿಲ್ಟರ್ ತೊಳೀರಿ. ಒಳಗೆ ಹೋಗೋ ಗಾಳಿಗೂ ಹೊರಗೆ ಬರೋ ಗಾಳಿಗೂ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದ್ರೆ ಎಸಿ ಚೆನ್ನಾಗಿದೆ ಅಂತ. ಇದನ್ನೆಲ್ಲ ಮಾಡದೆ ಇನ್ನೂ ಎರಡು ಬ್ಯಾಟರಿ ತಗೋತೀನಿ ಅಂದ್ರೆ ನಾನು ಬೇಡ ಅಂತೀನಿ.

ಎಸಿ ಹಾಕೋ ಹೊತ್ತೂ ಮುಖ್ಯ. ಹೆಚ್ಚಿನವರು ಬ್ಯಾಟರಿ ಉಳಿಸ್ಬೇಕು ಅಂತ ಮೂರು ಗಂಟೆವರೆಗೆ ತಡ್ಕೊಂಡು, ಒಳಗೆ 95 ಆದ ಮೇಲೆ ಹಾಕ್ತಾರೆ. ಬ್ಯಾಟರಿ ಹನ್ನೊಂದಕ್ಕೇ ತುಂಬಿ ಹೋಗಿದ್ರೆ ಆಮೇಲೆ ಪ್ಯಾನಲ್ ಕೊಡೋದೆಲ್ಲ ವ್ಯರ್ಥ, ಪ್ಯಾನಲ್‌ಗೂ ಬ್ಯಾಟರಿಗೂ ಮಧ್ಯೆ ಇರೋ ಚಾರ್ಜ್ ಕಂಟ್ರೋಲರ್ ತಗೊಳ್ಳೋದೇ ಇಲ್ಲ. ಬ್ಯಾಟರಿ ತುಂಬೋಕೆ ಬಂದ ತಕ್ಷಣ ಎಸಿ ಹಾಕಿ, ಬಿಸಿಲು ಜೋರಿರೋವಾಗ ಪ್ಯಾನಲ್ ಕರೆಂಟ್ ನೇರ ಎಸಿಗೆ ಹೋಗುತ್ತೆ, ಗೋಡೆ ಹಾಸಿಗೆ ಸೋಫಾ ಎಲ್ಲಾ ಕಾಯೋ ಮುಂಚೆನೇ ತಣ್ಣಗಿರುತ್ವೆ, ಸಂಜೆ ಕೆಲಸ ಕಡಿಮೆ.

ಕಲಬುರಗಿ ಕಡೆಯ ಒಬ್ರು ಎದ್ದು, "ಸರ, ನಮ್ಮ ಕಡೆ ಬ್ಯಾಸಿಗ್ಯಾಗ ಕೂಲರ್‌ನಾಗೇ ನಡೀತದ, ಇಲ್ಲಿ ನಡಿಯಂಗಿಲ್ಲೇನು?" ಅಂತ ಕೇಳಿದ್ರು. ತುಂಬಾ ಒಳ್ಳೆ ಪ್ರಶ್ನೆ. ಖಂಡಿತ ನಡೆಯುತ್ತೆ, ಮೇ ಜೂನ್ ಒಣ ಬಿಸಿಲಲ್ಲಿ. 12 ವೋಲ್ಟ್ ಕೂಲರ್‌ಗಳು ಸಿಗ್ತವೆ, ಕಂಪ್ರೆಸರ್ ಇಲ್ಲ, ಬರೀ ಫ್ಯಾನು ಮತ್ತು ಪುಟ್ಟ ಪಂಪು, ಎಸಿ ಎಳೆಯೋದರ ಹತ್ತನೇ ಒಂದು ಭಾಗವೂ ಬೇಡ. ಆದ್ರೆ ಜುಲೈನಲ್ಲಿ ಇಲ್ಲಿ ಮಾನ್ಸೂನ್ ತೇವ ಬಂದ ಮೇಲೆ ಅದು ಕೈ ಕೊಡುತ್ತೆ, ನೀರು ಬೇರೆ ಹೊತ್ಕೊಂಡು ಹೋಗಿರಬೇಕು.

ಈಗ ಆರ್‌ವಿಗೂ ವೇಗ ಹೊಂದಿಸಿಕೊಳ್ಳೋ ಕಂಪ್ರೆಸರ್ ಎಸಿಗಳು ಬಂದಿವೆ, ಊರಿನ ಇನ್ವರ್ಟರ್ ಎಸಿ ಥರದ್ದೇ. ಸ್ಟಾರ್ಟಿಂಗ್ ಏಟು ಇಲ್ಲ, ರೂಮು ತಣ್ಣಗಾದ ಮೇಲೆ ವೇಗ ಇಳಿಸಿ ಕೆಲವೇ ನೂರು ವ್ಯಾಟ್‌ನಲ್ಲಿ ಓಡ್ತಾ ಇರುತ್ತೆ. ರಾತ್ರಿ ಬ್ಯಾಟರಿ ಮೇಲೆ ಮಲಗೋದು ನಿಮ್ಮ ಉದ್ದೇಶ ಆದ್ರೆ, ಹಳೆ ಎಸಿ ಕೆಟ್ಟಾಗ ಅದನ್ನೇ ಹಾಕಿಸಿ.

ಬ್ಯಾಟರಿ ತುಂಬೋಕೆ ಸೋಲಾರ್ ಒಂದೇ ಅಲ್ಲ. ಗಾಡಿ ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್‌ನಿಂದ 50 ಆಂಪ್ ಡಿಸಿ ಟು ಡಿಸಿ ಚಾರ್ಜರ್ ಹಾಕಿದ್ರೆ 600 ವ್ಯಾಟ್ ಮೇಲೆ ಬರುತ್ತೆ, ನಾಲ್ಕು ಗಂಟೆ ಡ್ರೈವಲ್ಲಿ ಎರಡೂವರೆ ಯೂನಿಟ್. ಟ್ರೈಲರ್‌ಗೆ ಹೋಗೋ 7 ಪಿನ್ ವೈರಲ್ಲಿ ಅಷ್ಟು ಹೋಗಲ್ಲ, ಬೇರೆ ದಪ್ಪ ವೈರ್ ಎಳೀಬೇಕು. ಜನರೇಟರ್ ಬಗ್ಗೆ ಕೆಲವರಿಗೆ ಸೋಲಾರ್ ಹಾಕಿದ ಮೇಲೆ ಯಾಕೆ ಅನ್ಸುತ್ತೆ, ನಾನು ಇಟ್ಕೊಳ್ಳಿ ಅಂತೀನಿ. ಮೂರು ದಿನ ಮೋಡ ಇದ್ರೆ ಬೇರೆ ದಾರಿ ಇಲ್ಲ. ಎತ್ತರಕ್ಕೆ ಹೋದ ಹಾಗೆ ಅದರ ಶಕ್ತಿ ಇಳಿಯುತ್ತೆ, ಸಾವಿರ ಅಡಿಗೆ ಮೂರೂವರೆ ಪರ್ಸೆಂಟ್ ಹತ್ರ. ಓಡಿಸೋವಾಗ ಅದರ ಹೊಗೆ ಕಿಟಕಿ ಕಡೆ ಬರದ ಹಾಗೆ ಇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಒಳಗೆ ಅಲಾರಾಂ ಕೆಲಸ ಮಾಡ್ತಿದೆಯಾ ಅಂತ ಪ್ರತಿ ಸಲ ಒತ್ತಿ ನೋಡಿ.

ಒಂದು ಮಾತು ಕೈ ಮುಗಿದು ಕೇಳ್ಕೋತೀನಿ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರೋದು ಹೆಚ್ಚಾಗಿ ಮೇ, ಜೂನ್, ಜುಲೈನಲ್ಲೇ. ಬ್ಯಾಟರಿ ಎಸಿ ಇದೆ, ನೀವು ಒಳಗೆ ಮಲಗಿರಿ, ನಾವು ಕಾಡಿನ ದಾರಿಲಿ ನಡೆದು ಬರ್ತೀವಿ ಅಂತ ವಯಸ್ಸಾದವರನ್ನಾಗಲಿ, ಮಕ್ಕಳನ್ನಾಗಲಿ, ನಾಯಿನಾಗಲಿ ಬಿಟ್ಟು ಹೋಗಬೇಡಿ. ಬ್ಯಾಟರಿ ಬಿಸಿಯಾದ್ರೆ ಬಿಎಂಎಸ್ ತನ್ನಷ್ಟಕ್ಕೆ ಕಟ್ ಮಾಡುತ್ತೆ, ಎಸಿ ನಿಂತ ಮೇಲೆ ಮುಚ್ಚಿದ ಟ್ರೈಲರ್ ಕೆಲವೇ ನಿಮಿಷದಲ್ಲಿ ಕಾಯುತ್ತೆ, ಅವರಿಗೆ ಯಾವ ಸ್ವಿಚ್ ಒತ್ತಬೇಕು ಅಂತ ಗೊತ್ತಿರಲ್ಲ, ಫೋನ್ ಸಿಗ್ನಲ್ ಇರಲ್ಲ. ಯಾರಾದ್ರೂ ಒಬ್ರು ಜೊತೆಗಿರಿ. ಬ್ಯಾಟರಿಗಳನ್ನೂ ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡದೆ ಒಳಗೆ, ತಣ್ಣಗಿರೋ ಕಡೆ ಇಡಿ. ಚಳಿಗಾಲಕ್ಕೂ ಅದೇ ಒಳ್ಳೇದು, ಈ ಲಿಥಿಯಂನ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದ್ರೆ ಹಾಳಾಗುತ್ತೆ.

ದುಡ್ಡು. ಐದಾರು ಬ್ಯಾಟರಿ, ಇನ್ವರ್ಟರ್, ಕೇಬಲ್, ಪ್ಯಾನಲ್ ಎಲ್ಲಾ ಸೇರಿ ನೀವೇ ಕೂರಿಸಿದ್ರೂ ಕೆಲವು ಸಾವಿರ ಡಾಲರ್ ಆಗುತ್ತೆ. ವರ್ಷಕ್ಕೆ ಎರಡು ಸಲ, ಅದೂ ಹುಕಪ್ ಇರೋ ಕ್ಯಾಂಪ್‌ಗ್ರೌಂಡ್‌ಗೇ ಹೋಗೋರಾದ್ರೆ ಇದು ನಿಮಗೆ ಬೇಡ, ಆ ದುಡ್ಡಲ್ಲಿ ಎಷ್ಟೋ ರಾತ್ರಿ ಹುಕಪ್ ಸಿಗುತ್ತೆ. ಕಾಡಲ್ಲಿ, ಯಾರೂ ಇಲ್ಲದ ಕಡೆ, ಜನರೇಟರ್ ಸದ್ದಿಲ್ಲದೆ ಇರಬೇಕು ಅನ್ನೋ ಆಸೆ ಇರೋರಿಗೆ ಇದು ಬೇಕು, ಅವರಿಗೋಸ್ಕರನೇ ನಾನು ಇಷ್ಟು ಹೊತ್ತು ಮಾತಾಡಿದ್ದು.

ಕೊನೇ ಪ್ರಶ್ನೆ ಹಿಂದಿನ ಸಾಲಿಂದ ಬಂತು, ನಾಳೆ ಬೆಳಿಗ್ಗೆ ಅಂಗಡಿಗೆ ಹೋದ್ರೆ ಮೊದಲು ಏನು ತಗೊಳ್ಳಲಿ ಅಂತ. ಪ್ಯಾನಲ್ ಅಲ್ಲ, ಬ್ಯಾಟರಿನೂ ಅಲ್ಲ, ಶಂಟ್, ಅಂದ್ರೆ ಹರಿಯೋ ಕರೆಂಟ್ ಅಳೆಯೋ ತುಂಡು ಇರೋ ಬ್ಯಾಟರಿ ಮಾನಿಟರ್ ತಗೊಳ್ಳಿ, ಈಗಿರೋ ಬ್ಯಾಟರಿಯ ನೆಗೆಟಿವ್ ವೈರಿಗೆ ಹಾಕಿ, ಫ್ರಿಜ್, ಲೈಟು, ಫ್ಯಾನಿಗೆ ದಿನಕ್ಕೆ ಎಷ್ಟು ಹೋಗ್ತಿದೆ ಬರೆದಿಟ್ಕೊಳ್ಳಿ. ಎಸಿದು ಹುಕಪ್ ಇರೋ ಕಡೆ ಅಳೀರಿ, ಬಿಸಿಲಿನ ಒಂದು ಶನಿವಾರ ಮಧ್ಯಾಹ್ನದಿಂದ ಭಾನುವಾರ ಬೆಳಿಗ್ಗೆವರೆಗೆ, ಲೈನಿಗೆ ಎನರ್ಜಿ ಮೀಟರ್ ಹಾಕಿ, ಒಟ್ಟು ಯೂನಿಟ್ ಎಷ್ಟು ಅಂತ ನೋಡಿ. ಆ ಎರಡು ನಂಬರ್ ಹಿಡ್ಕೊಂಡು ಬನ್ನಿ, ಬ್ಯಾಟರಿ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕೋಣ.